ನೊಣ ಓಡಿಸದ ಎತ್ತು

ಡೆಂಕಣಿಕೋಟೆ, ಆಷಾಢ, ೧೯೮೪

ಅಣ್ಣಾ,

ವಿಳಾಸ ಕೂಡ ಹೇಳದೆ ಹೋದವನು ನೀನು. ಈ ಕಾಗದವನ್ನು ಯಾವ ಪೋಸ್ಟ್‌ಮ್ಯಾನೂ ನಿನಗೆ ತಲುಪಿಸಲಾರ. ಅದಕ್ಕೇ ಬಾಯಿಗೆ ಬಂದಂತೆ ಬರೆಯುತ್ತೇನೆ.

ಇವತ್ತು ಬೆಳಿಗ್ಗೆ ಅಪ್ಪ ರಾಗಿ ಹೊಲ ಉಳುತ್ತಿದ್ದಾಗ ಕೆಂದೆತ್ತಿನ ಕಣ್ಣ ಸುತ್ತ ನೊಣ ಮುತ್ತಿತ್ತು. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅಪ್ಪ ಸಾಲಿನ ನಡುವೆಯೇ ನೊಗ ಬಿಚ್ಚಿದ.

"ಇನ್ನೂ ಅರ್ಧ ಹೊಲ ಐತಲ್ಲಪ್ಪಾ" ಎಂದೆ.

"ಒದೆಯೋ ಎತ್ತಿಗೆ ಬರೀ ದಣಿವು ಕಣಮ್ಮ, ಒಂದಿನ ನೆರಳಲ್ಲಿ ಕಟ್ಟಿದ್ರೆ ಸರಿಹೋಯ್ತದೆ. ನೊಣಾನೂ ಓಡಿಸ್ದೆ ನಿಂತ್ಕಂಡ್ರೆ ಒಳಗೇ ಸೋತೋಗೈತೆ ಅಂತ. ಈ ವರ್ಸ ಇದರ ಮೇಲೆ ನೊಗ ಇಡ್ಬಾರ್ದು."

ನನ್ನ ಮೈಯೆಲ್ಲ ಉರಿದುಹೋಯಿತು.

ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದು ನೀನು ನೇರ ಹೊಲಕ್ಕಿಳಿಯುತ್ತಿದ್ದೆ. ಮೊದಮೊದಲು ಕೂಗಾಡುತ್ತಿದ್ದೆ, ತಟ್ಟೆ ಎಸೆಯುತ್ತಿದ್ದೆ. ಭಾನುವಾರ ಕಣ್ತುಂಬ ನಿದ್ದೆ ಮಾಡಿದರೆ ಮತ್ತೆ ನಗುತ್ತಿದ್ದೆ. ಆಮೇಲೆ ಸುಮ್ಮನಾದೆ. ಎಷ್ಟು ಮಲಗಿ ಎದ್ದರೂ ಅದೇ ಮುಖ. "ನನ್ ಮಗಂಗೆ ಈಗ ಬುದ್ಧಿ ಬಂತು" ಎಂದು ಇದೇ ಅಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದ, ಕೆರೆಯಾಚೆಯ ಹೊಲವನ್ನೂ ನಿನ್ನ ಮೇಲೆ ಹೇರಿದ. ನಾನು ದಿನಾ ಡಬ್ಬಿ ಕಟ್ಟಿಕೊಟ್ಟೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದೂ ನೀನು ಹೇಳುತ್ತಿರಲಿಲ್ಲ. ಒಂದು ದಿನ ಆ ಡಬ್ಬಿಯನ್ನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲಿಟ್ಟು ಹೊರಟುಹೋದೆ.

ನೀನಾದರೂ ಒಮ್ಮೆ ಜಾಡಿಸಿ ಒದೆಯಬಾರದಿತ್ತೇ?

ಎತ್ತು ಈಗ ಹುಣಸೆ ಮರದಡಿ ಮಲಗಿದೆ. ಅಪ್ಪ ಪಕ್ಕದಲ್ಲಿ ಕೂತು ಟವೆಲ್ಲಿನಿಂದ ಅದರ ಕಣ್ಣಿನ ನೊಣ ಓಡಿಸುತ್ತಿದ್ದಾನೆ.

ಆ ಟವೆಲ್ಲು ನಿನ್ನದು.