ಊರಿಗೆಲ್ಲ ಇರುವ ಕಾಯಿಲೆ

ಪಾಂಗಾಯ್, ಹಾಪಾಯ್ ದ್ವೀಪ, ಟೋಂಗಾ
೧೫ ಏಪ್ರಿಲ್ ೨೦೧೩, ಸೋಮವಾರ

ಪ್ರೀತಿಯ ಮಗ ಫೆಲೆತಿಗೆ,

ಹೇಗಿದ್ದೀಯ? ನ್ಯೂಜಿಲೆಂಡಿನಲ್ಲಿ ಈಗ ಚಳಿ ಶುರುವಾಗಿರಬೇಕು. ಬೆಳಿಗ್ಗೆ ಏಣಿ ಹತ್ತಿ ಸೇಬು ಕೀಳುವಾಗ ಬೆರಳು ಸೆಟೆದುಕೊಳ್ಳುತ್ತವೆ ಎಂದಿದ್ದೆ. ನಾನು ಹೆಣೆದು ಕೊಟ್ಟ ಟೋಪಿ ಹಾಕಿಕೊಳ್ಳುತ್ತೀಯೋ, ಇಲ್ಲ ಜೊತೆಯವರು ನಗುತ್ತಾರೆಂದು ಚೀಲದ ತಳದಲ್ಲಿ ತುರುಕಿದ್ದೀಯೋ? ರಾತ್ರಿ ಎದ್ದೆದ್ದು ನೀರು ಕುಡಿಯುತ್ತೇನೆ, ಬಾಯಿ ಆರುತ್ತದೆ ಎಂದು ನಿನ್ನ ತಂಗಿ ಲೂಪೆಯ ಹತ್ತಿರ ಹೇಳಿದೆಯಂತೆ. ಅವಳು ಅದನ್ನು ನನಗೆ ಹೇಳಿದ್ದು ಮೊನ್ನೆ. ನಾವೂ ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯುವುದು ರೂಢಿ, ಹಾಗೆಯೇ ಅಂದುಕೊ.

ಫೋನಿನಲ್ಲಿ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎನ್ನುತ್ತೀಯ. ನಿನ್ನ ಫೋನು ಬಂದರೆ ವಿಕಾ ಅತ್ತೆ ಪಕ್ಕದಲ್ಲೇ ಬಂದು ಕೂರುತ್ತಾರೆ. ನಿನ್ನ ಅಪ್ಪನ ಅಕ್ಕ ಎಂದಮೇಲೆ ಈ ಮನೆಯಲ್ಲಿ ಅವರ ಮಾತಿನ ಮೇಲೆ ಮಾತಿಲ್ಲ, ನಿನಗೆ ಗೊತ್ತೇ ಇದೆ. ಅಪ್ಪನ ಜೊತೆ ತೋಟ ಮಾಡುತ್ತಿದ್ದ ಮೊಸೆಸೆಯ ಅಳಿಯ ಇವತ್ತಿನ ವಿಮಾನಕ್ಕೆ ಹೊರಟಿದ್ದಾನೆ, ನೀನಿರುವ ತೋಟಕ್ಕೇ. ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ವಿಷಯ ಇಷ್ಟು. ನಿನ್ನ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಬರೆಯಿರಿ ಎಂದು ನರ್ಸ್ ಫೀಪೆ ನನಗೆ ಹೇಳಿದ್ದಾಳೆ. ಬರೆಯಕೂಡದು ಎಂದು ಅತ್ತೆ ಹೇಳಿದ್ದಾರೆ. ಅಲ್ಲಿನ ಡಾಕ್ಟರು ನಿನ್ನಲ್ಲಿ ಏನಾದರೂ ಹಿಡಿದರೆ ತೋಟದವರು ಮುಂದಿನ ವರ್ಷ ಕರೆಸಿಕೊಳ್ಳುವುದಿಲ್ಲ, ಈ ವರ್ಷವೇ ವಾಪಸು ಕಳಿಸಿದರೂ ಕಳಿಸಿದರೇ. ಲೂಪೆಯ ಓದು ನಿನ್ನ ದುಡಿಮೆಯ ಮೇಲೆ ನಿಂತಿದೆ. ಅತ್ತೆಯ ಮನೆಯ ಮಾಡು ಅರ್ಧಕ್ಕೆ ನಿಂತಿದೆ.

ಅಪ್ಪನ ಮಣ್ಣಿಗೆ ನಿನಗೆ ಬರಲಾಗಲಿಲ್ಲ. ಅದಕ್ಕೆ ನೀನು ಕೊರಗಬೇಡ, ಕೊಯ್ಲಿನ ನಡುವೆ ಯಾರು ಬಿಡುತ್ತಾರೆ. ಎಲ್ಲ ಅಚ್ಚುಕಟ್ಟಾಗಿಯೇ ನಡೆಯಿತು. ಅಕ್ಕನ ಹಕ್ಕಿನಂತೆ ಅತ್ತೆ ತಲೆಯ ಹತ್ತಿರ ಕೂತರು. ಆಚೆ ದ್ವೀಪಗಳಿಂದೆಲ್ಲ ಚಾಪೆ ಬಂತು, ಹಂದಿ ಬಂತು, ಡಬ್ಬಿ ಮಾಂಸವಂತೂ ಮೂಟೆಗಟ್ಟಲೆ ಬಂತು. ಪೆಟ್ಟಿಗೆ ಹೊರುವುದಕ್ಕೆ ನಿಂತವರು ಸಾಲದೆ ಇನ್ನಿಬ್ಬರನ್ನು ಕರೆಯಬೇಕಾಯಿತು. ಅತ್ತೆ ಅದನ್ನು ಬಂದಬಂದವರಿಗೆಲ್ಲ ಹೇಳಿದರು. ತಮ್ಮ ಸೆಮಿಸಿ ಸಣ್ಣ ಮನುಷ್ಯನಾಗಿ ಹೋಗಲಿಲ್ಲ ಎಂದು ಅವರಿಗೆ ಹೆಮ್ಮೆ. ನಾನು ದುಃಖದ ಚಾಪೆ ಸೊಂಟಕ್ಕೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದಾಗ ದವಡೆ ನಮ್ಮದಲ್ಲ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಿದೆ. ಅಳದ ಹೆಂಡತಿಯನ್ನು ನೋಡಿ ಜನ ಏನೆಂದುಕೊಂಡರೋ, ಅದೂ ನನಗೆ ತಟ್ಟಲಿಲ್ಲ. ಹೋದ ದಿನ ಅಪ್ಪ ತೋಟದಲ್ಲಿ ಗೆಣಸು ಅಗೆಯುತ್ತಿದ್ದವರು ಚೀಲದ ಮೇಲೆ ಕೂತರಂತೆ. ಬೆವರು ಆರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಮೊಸೆಸೆ ತನ್ನ ಪಾಡಿಗೆ ಇನ್ನೊಂದು ಬಳ್ಳಿ ಅಗೆದನಂತೆ. ತಿರುಗಿ ಮಾತಾಡಿಸಿದಾಗ ಉತ್ತರವಿರಲಿಲ್ಲ.

ಮಣ್ಣಾದ ಮೇಲೆ ಫೀಪೆ ಮಾತಾಡಿಸಿಕೊಂಡು ಹೋಗಲು ಬಂದಳು. ಒಳ್ಳೆಯ ಹುಡುಗಿ, ಕಾಣಿಕೆಗೆ ತಂದ ಬಟ್ಟೆಯನ್ನು ಅತ್ತೆಯ ಮುಂದಿಟ್ಟು, ನನ್ನ ಪಕ್ಕದಲ್ಲಿ ಬಂದು ಕೂತಳು. ಆಮೇಲೆ ಹೋದ ವರ್ಷದ ಲೆಕ್ಕದ ಮಾತು ತೆಗೆದಳು. ದೇಶದ ದೊಡ್ಡವರೆಲ್ಲರ ಆರೋಗ್ಯ ಹೇಗಿದೆ ಎಂದು ಊರೂರಿಗೆ ಬಂದು ಅಳೆದರಲ್ಲ, ಅದು. ಸೊಂಟದ ಸುತ್ತು, ರಕ್ತದ ಒತ್ತಡ, ಸಕ್ಕರೆ, ರಕ್ತದಲ್ಲಿನ ಕೊಬ್ಬು, ಇವುಗಳಲ್ಲಿ ಒಂದು ಕೆಟ್ಟರೆ ಅದರ ಪಾಡಿಗೆ ಅದು. ಮೂರು ಒಟ್ಟಿಗೆ ಕೆಟ್ಟರೆ ಅದಕ್ಕೆ ಬೇರೆಯದೇ ಹೆಸರಿದೆಯಂತೆ. ನೋವಿಲ್ಲ, ಜ್ವರವಿಲ್ಲ, ಮನುಷ್ಯ ಹಾಡುತ್ತಾನೆ, ಅಗೆಯುತ್ತಾನೆ, ಒಂದು ದಿನ ಚೀಲದ ಮೇಲೆ ಕೂರುತ್ತಾನೆ. ಅಪ್ಪನಿಗಿದ್ದರೆ ಮಕ್ಕಳನ್ನೂ ನೋಡಬೇಕು ಎಂದಳು. ಅಷ್ಟರಲ್ಲಿ ಅತ್ತೆಯ ಕಿವಿಗೆ ಬಿತ್ತು. "ಇಡೀ ದೇಶಕ್ಕೇ ಇರೋದು ನಮ್ಮ ಹುಡುಗನಿಗೊಬ್ಬನಿಗೆ ಇಲ್ದೆ ಇರತ್ತೇನೆ? ಅದನ್ನ ಪರದೇಶದಲ್ಲಿ ಬಿಳಿಯರ ಮುಂದೆ ಹೋಗಿ ಯಾಕೆ ಬಿಚ್ಚಿಡ್ಬೇಕು?" ಎಂದರು. ಫೀಪೆ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ.

ಅತ್ತೆಯನ್ನು ಬಯ್ಯುವುದು ಯಾಕೆ, ಆ ಮಾತನ್ನು ಊರಿಗೆ ಕಲಿಸಿದವರು ನಿನ್ನ ಅಪ್ಪನೇ. ನೆನಪಿದೆಯಲ್ಲ ಆ ದಿನ? ಬೆಳಿಗ್ಗೆ ಏನೂ ತಿನ್ನದೆ ಚರ್ಚಿನ ಸಭಾಂಗಣಕ್ಕೆ ಬನ್ನಿ ಎಂದು ಡಂಗುರವಾಗಿತ್ತು. ಉಪವಾಸ ನಮಗೆ ಹೊಸದೇ? ಎಲ್ಲರೂ ಬರಿಹೊಟ್ಟೆಯಲ್ಲಿ ಬಂದರು. ಆದರೆ ರಾಜಧಾನಿಯಿಂದ ಅಷ್ಟು ದೂರ ದೋಣಿಯಲ್ಲಿ ಬಂದವರನ್ನು ಉಣಿಸದೆ ಕಳಿಸಿದರೆ ಊರಿನ ಮರ್ಯಾದೆ ಏನಾಗಬೇಕು ಎಂದು ಅತ್ತೆ ಹೆಂಗಸರನ್ನೆಲ್ಲ ಸೇರಿಸಿ ಔತಣ ಇಟ್ಟುಕೊಂಡರು. ಇನ್ನೂ ಅರ್ಧ ಊರಿನ ರಕ್ತ ತೆಗೆಯುವುದಿತ್ತು, ಎಳೆ ಹಂದಿಗಳು ಮೇಜಿಗೆ ಬಂದವು, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯ ಪೊಟ್ಟಣಗಳು ಬಂದವು. ಪಾದ್ರಿಗಳು ಎದ್ದು ಪ್ರಾರ್ಥನೆಯನ್ನೂ ಮಾಡಿಬಿಟ್ಟರು. ಫೀಪೆ ಅಳುವುದೊಂದು ಬಾಕಿ. "ಉಪವಾಸ ಅಂದ್ರೆ ರಕ್ತ ಕೊಡೋವರೆಗೆ ಉಪವಾಸ ಸ್ವಾಮೀ" ಎಂದರೆ, ಪಾದ್ರಿಗಳು "ಮಾಡಿದ್ವಲ್ಲ ಮಗಳೇ, ಪ್ರಾರ್ಥನೇನೂ ಆಯ್ತು, ಇನ್ನು ಮುರಿಯೋದೇ" ಎಂದು ತಟ್ಟೆ ಎಳೆದುಕೊಂಡರು. ಕೊಟ್ಟವರು, ಕೊಡದವರು ಎಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಂಡರು.

ಊಟದ ನಡುವೆಯೇ ಬಂದವರ ಹಿರಿಯ ಎದ್ದು, ದೇಶದ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಈ ತೊಂದರೆ ಇರಬಹುದು ಎಂದು ಭಾಷಣ ಮಾಡಿದ. ನಿನ್ನ ಅಪ್ಪ ಆಗ ಹೊರಗೆ, ಗುಂಡಿಯಲ್ಲಿ ಕಲ್ಲು ಕಾಯಿಸಿ ಹಂದಿ ಬೇಯಿಸುವ ನೆಲದ ಒಲೆಯ ಹತ್ತಿರದಿಂದ ರಕ್ತ ಕೊಡಲು ಒಳಗೆ ಬಂದಿದ್ದರು. ಅಳತೆಯ ಹುಡುಗಿಗೆ, "ಟೇಪು ಸಾಲ್ದಿದ್ರೆ ಹೇಳು, ದೋಣಿ ಹಗ್ಗ ತರ್ಸ್ತೀನಿ" ಎಂದರು. ಭಾಷಣ ಮಾಡಿದವನಿಗೆ, "ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇದ್ರೆ ಅದು ಕಾಯಿಲೆ ಅಲ್ಲ ಮಾರಾಯ, ಊರಿನ ಪದ್ಧತಿ. ಇಲ್ಲದೋರನ್ನ ಹುಡುಕಿ ಆಸ್ಪತ್ರೆಗೆ ಸೇರ್ಸು" ಎಂದರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಭಾಷಣದವನೂ ನಕ್ಕ. ನಾನೂ ನಕ್ಕೆ, ಎಷ್ಟು ನಕ್ಕೆನೆಂದರೆ ಪಕ್ಕೆ ಹಿಡಿದುಕೊಂಡಿತು. ಅವರ ಸಕ್ಕರೆ ಬಹಳ ಮೇಲಿದೆ ಎಂದು ಫೀಪೆ ಹೇಳಿದಾಗ ಅದೇ ನಗುವಿನ ಗುಂಗು. "ಊಟ ಮಾಡ್ಕೊಂಡು ಬಂದ್ರಾ?" ಎಂದು ಅವಳು ಕೇಳಿದಳು. "ಇಂಥ ಊಟ ಬಿಟ್ಟು ಬರ್ತಾರಾ?" ಎಂದರು ಅಪ್ಪ. ಹಾಗಾದರೆ ಇದು ಊಟದ ಸಕ್ಕರೆ, ಮುಂದಿನ ವಾರ ಆಸ್ಪತ್ರೆಗೆ ಬರಿಹೊಟ್ಟೆಯಲ್ಲಿ ಬನ್ನಿ ಎಂದಳು. ಊರಿನವರ್ಯಾರೂ ಹೋಗಲಿಲ್ಲ. ಅಪ್ಪ ಹೋಗಿದ್ದರೆ ನಾಲ್ಕು ಜನ ಹಿಂದೆ ಹೋಗುತ್ತಿದ್ದರೇನೋ. ಜಗಲಿಯಲ್ಲಿ ಯಾರಾದರೂ ಆ ಮಾತೆತ್ತಿದರೆ, "ವಿಕಾಳ ಔತಣದ ಹಂದಿಯ ಸಕ್ಕರೆ" ಎಂದು ಎಲ್ಲರೂ ನಗುತ್ತಿದ್ದರು, ಅತ್ತೆಗೂ ಒಳಗೊಳಗೇ ಸಂತೋಷ.

ನಿನ್ನೆ ಭಾನುವಾರದ ಅಡುಗೆಗೆ ಮೊಸೆಸೆ ನಮ್ಮ ಹಿತ್ತಿಲಿನ ಒಲೆ ಹಾಕಿಕೊಟ್ಟ. ಗಂಡಸಿಲ್ಲದ ಮನೆ ಎಂದು ತಾನಾಗಿಯೇ ಬಂದ. ಮಣ್ಣು ಸರಿಸಿ ಎಲೆ ಎತ್ತುತ್ತಾ, ಏನೋ ನೆನಪಾದವನಂತೆ ಹೇಳಿದ. "ಅವತ್ತು ಔತಣದ ದಿನ ಒಳಗೆಲ್ಲ ಉಂಡು ಕೈ ತೊಳ್ಕೊಂಡ್ರು ಅತ್ತಿಗೆ, ಒಲೆ ಕಡೆ ಇದ್ದೋರಿಗೆ ತುತ್ತು ಸಿಕ್ಕಿದ್ದು ಮಧ್ಯಾಹ್ನ ಮೇಲೆ. ಸೆಮಿಸಿ ರಕ್ತ ಕೊಟ್ಟು ಬಂದು, ಸುಳ್ಳು ಹೇಳ್ಬಂದೆ ಕಣೋ ಅಂತ ನಕ್ಕ." ನನ್ನ ಕೈಯಲ್ಲಿ ಬಿಸಿ ಗೆಣಸಿತ್ತು, ಅದು ಸುಡುತ್ತಿದೆ ಎಂದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು. ಯೋಚಿಸಿದರೆ ಬೇರೆ ದಾರಿ ಅವರಿಗೂ ಇರಲಿಲ್ಲ. ಅಕ್ಕ ಕೂತ ಪಂಕ್ತಿಯಲ್ಲಿ ತಮ್ಮ ಕೂತು ಉಣ್ಣುವಂತಿಲ್ಲ, ಅದಕ್ಕೇ ಹೊರಗೆ ಒಲೆಯ ಹತ್ತಿರ ನಿಂತರು. ಫೀಪೆ ಕೇಳಿದಾಗ ಅತ್ತೆ ಬಡಿಸುವ ಸೌಟು ಹಿಡಿದು ಮಾರು ದೂರದಲ್ಲಿದ್ದರು. ಅಕ್ಕ ಮಾಡಿದ ಔತಣದಲ್ಲಿ ನಾನಿನ್ನೂ ಹಸಿದಿದ್ದೇನೆ ಎಂದು ನಾಲ್ಕು ಜನರೆದುರು ತಮ್ಮ ಹೇಳುವುದುಂಟೇ? ತಿಂದೆ ಎಂದರು. ಮಾತು ಮುಗಿಯಿತು. ಆ ಸಕ್ಕರೆ ಊಟದ್ದಲ್ಲ, ಅವರದೇ.

ಇದನ್ನು ಅತ್ತೆಗೆ ಹೇಳಿಲ್ಲ. ಹೇಳಿ ಏನು ಪ್ರಯೋಜನ, ತಮ್ಮನನ್ನು ಕಳೆದುಕೊಂಡ ಹೆಂಗಸು, ತನ್ನ ಔತಣವೇ ಕಾರಣ ಎಂದುಕೊಂಡರೆ ತಡೆದುಕೊಳ್ಳಲಾರರು. ನನಗೆ ಸಿಟ್ಟು ಬರಬೇಕಿತ್ತು, ಅದೂ ಬರುತ್ತಿಲ್ಲ. ಫೀಪೆ ಹೇಳಿದ್ದನ್ನು ಬರೆದಿದ್ದೇನೆ, ಅತ್ತೆ ಹೇಳಿದ್ದನ್ನೂ ಬರೆದಿದ್ದೇನೆ. ನೀನು ತಿಳಿದವನು, ತೂಗಿ ನೋಡು, ಮುಂದಿನದು ನಿನ್ನಿಷ್ಟ. ಭಾನುವಾರ ಚರ್ಚು ತಪ್ಪಿಸಬೇಡ. ಲೂಪೆ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದಾಳೆ, ಅಣ್ಣನಿಗೆ ಹೇಳು ಎಂದಳು. ಅತ್ತೆ ಆಶೀರ್ವಾದ ಹೇಳಿದ್ದಾರೆ, ಮೊಸೆಸೆ ನೆನೆಸಿಕೊಂಡಿದ್ದಾನೆ. ಹತ್ತುವ ಏಣಿಯಲ್ಲಿ, ಮಲಗುವ ಹಾಸಿಗೆಯಲ್ಲಿ ದೇವರ ಕೈ ನಿನ್ನ ಮೇಲಿರಲಿ.

ಇಂತಿ ನಿನ್ನ ಅಮ್ಮ,
ಮೆಲೆನೈತೆ

ತಾ.ಕ.: ಮೊಸೆಸೆಯ ಅಳಿಯ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ನಿನ್ನಿಷ್ಟ ಎಂದು ಮೇಲೆ ಬರೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ನಡೆದುಹೋಗಿ ಫೀಪೆಯನ್ನು ಕೇಳಿಬಂದೆ. ಅವತ್ತು ನಿನ್ನ ಸಕ್ಕರೆಯೂ ಮೇಲಿತ್ತಂತೆ. ನೀವೂ ತಿಂದ್ರಾ ಎಂದದ್ದಕ್ಕೆ ಅಪ್ಪನ ಹಿಂದೆ ನಿಂತು ನೀನೂ ಹೂಂ ಎಂದೆಯಂತೆ. ಒಲೆಯ ಕಲ್ಲು ಎತ್ತಲು ಬೆಳಗಿನಿಂದ ಅವರ ಜೊತೆಯಲ್ಲೇ ಇದ್ದವನು ನೀನು. ನಿಜ ಹೇಳು ಎಂದು ಕೇಳಬೇಕೆಂದಿದ್ದೆ, ಕೇಳುವುದಿಲ್ಲ. ಅಪ್ಪ ಹಸಿದು ನಿಂತಿರುವಾಗ ನೀನು ಉಂಡವನಲ್ಲ, ಹೆತ್ತವಳಿಗೆ ಅಷ್ಟು ಗೊತ್ತು. ಕಾಗದ ಮುಟ್ಟಿದ ಮರುದಿನ ಏನೂ ತಿನ್ನದೆ ಡಾಕ್ಟರ ಹತ್ತಿರ ಹೋಗು. ಅತ್ತೆಗೆ ನಾನು ಉತ್ತರ ಕೊಡುತ್ತೇನೆ. ಕೆಲಸ ಹೋದರೆ ಹೋಗಲಿ, ನೀನು ಬಾ.