ನೆಲ್ಲಿಕಟ್ಟೆಯ ಬಂಡೆ ತಮ್ಮ ಸೂಚಿಯಲ್ಲಿ ಇಲ್ಲವಂತೆ

ಹಳೆಯ ಲೇಖಗಳ ಸಂಗ್ರಹ ಕಚೇರಿಯ ಮುಖ್ಯಾಧಿಕಾರಿಗಳಿಗೆ, ಕಾನಕಾನಹಳ್ಳಿ ತಾಲ್ಲೂಕು ಮರಳವಾಡಿ ಹೋಬಳಿಯಿಂದ

ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ಚಪ್ಪಡಿ ಎಬ್ಬಿಸಲು ನಮ್ಮೂರ ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕುತ್ತಾರೆ. ನಮ್ಮ ಕೆರೆಯ ನೀರು ಬೇಸಿಗೆಯಲ್ಲಿ ಯಾರಿಗೆ ಮೊದಲು ಸಲ್ಲಬೇಕೆಂದು ಹಿಂದಿನವರು ಆ ಬಂಡೆಯ ಮೇಲೆ ಶಾಸನ ಕೆತ್ತಿಸಿದ್ದಾರೆ. ಅಂಥ ಶಾಸನವೇ ಇಲ್ಲವೆಂದು ತಾವು ಬರೆದುಕೊಟ್ಟಿದ್ದೀರಿ. ಇಲ್ಲದ್ದನ್ನು ಸುಟ್ಟರೆ ಯಾರಿಗೆ ಏನು ನಷ್ಟ? ಹಾಗಾಗಿ ಕಲ್ಲಿನ ಕಂಟ್ರಾಕ್ಟರನಿಗೆ ಅಪ್ಪಣೆಯೂ ಆಗಿದೆ. ಅರ್ಜಿಗಳ ಮೂಲಕ ಹೇಳಿಕೊಂಡದ್ದೆಲ್ಲ ಗೋಡೆಗೆ ಹೇಳಿದಂತಾದ್ದರಿಂದ ಈ ಸಲ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ.

ನಾನು ನೆಲ್ಲಿಕಟ್ಟೆಯ ನಾಟಿ ವೈದ್ಯ. ನಮ್ಮ ಕೆರೆಯ ಅಚ್ಚುಕಟ್ಟಿನಲ್ಲಿ ತೂಬಿನ ಹತ್ತಿರ ಗದ್ದೆಗಳಿವೆ, ಕೊನೆಯಲ್ಲಿ ಹೊಲಗಳೂ ಹಿಪ್ಪುನೇರಳೆ ತೋಟಗಳೂ ಇವೆ. ನೀರು ತೂಬಿನ ಮೇಲಿನ ಕಣ್ಣಿಗಿಂತ ಕೆಳಗಿಳಿದಾಗ ಮೊದಲು ಕೊನೆಯವರಿಗೆ ಹಾಯಿಸಿ ಆಮೇಲೆ ಮೇಲಿನವರು ಕಟ್ಟಿಕೊಳ್ಳಬೇಕು ಎಂಬುದು ಶಾಸನದ ಮಾತು. ಊರು ಇದುವರೆಗೆ ಹಾಗೆಯೇ ನಡೆದುಕೊಂಡು ಬಂದಿದೆ. ಈ ಬೇಸಿಗೆಯಲ್ಲಿ, ಮೇಲಿನ ಗದ್ದೆಗಳನ್ನು ಹೊಸದಾಗಿ ಕೊಂಡ ಸಾಹುಕಾರರೊಬ್ಬರು ಕಾಲುವೆಗೆ ಅಡ್ಡ ಹಾಕಿದರು. ದೂರು ಕೊಂಡೊಯ್ದಾಗ ತಾಲ್ಲೂಕಿನ ಅಮಲ್ದಾರರು ಆಧಾರ ಕೇಳಿದರು. ಊರವರು ಬಂಡೆ ತೋರಿಸಿದರು. ಅಮಲ್ದಾರರಿಗೆ ಅದನ್ನು ಓದಲಾಗದ್ದರಿಂದ ತಮ್ಮನ್ನು ಕೇಳಿ ಬರೆದರು. ತಮ್ಮ ಉತ್ತರ ಎರಡೇ ಸಾಲು: ‘ಸೂಚಿಯನ್ನು ಪರಿಶೀಲಿಸಲಾಯಿತು. ನೆಲ್ಲಿಕಟ್ಟೆ ಗ್ರಾಮದ ಯಾವ ಶಾಸನವೂ ಕಂಡುಬರಲಿಲ್ಲ.’ ಈ ಎರಡು ಸಾಲಿನ ಬಲದಿಂದ ಸಾಹುಕಾರರಿಗೆ ನೀರೂ ಕಂಟ್ರಾಕ್ಟರನಿಗೆ ಬಂಡೆಯೂ ದಕ್ಕಿದವು.

ನನಗೆ ನಂಬಿಕೆ ಬರಲಿಲ್ಲ. ನಮ್ಮ ಊರಿಗೆ ಹಿಂದೊಮ್ಮೆ ತಮ್ಮ ಕಚೇರಿಯವರು ಬಂದು, ಬಂಡೆ ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು ಅಚ್ಚು ತೆಗೆದುಕೊಂಡು ಹೋದದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ. ಕ್ಲೋಸ್‌ಪೇಟೆಯ ವಕೀಲರೊಬ್ಬರ ಮನೆಯಲ್ಲಿ ತಮ್ಮ ದೊಡ್ಡ ಗ್ರಂಥವಿದೆಯೆಂದು ಕೇಳಿ ಅಲ್ಲಿಗೆ ಹೋದೆ. ಸೂಚಿಯ ಗೊಡವೆಗೆ ಹೋಗದೆ ಮೊದಲ ಪುಟದಿಂದ ಓದುತ್ತಾ ಬಂದೆ. ಸಿಕ್ಕಿತು, ಸ್ವಾಮಿ. ನಮ್ಮ ಕೆರೆ, ನಮ್ಮ ತೂಬು, ನಮ್ಮ ಸರದಿ, ಎಲ್ಲವೂ ಅಚ್ಚುಕಟ್ಟಾಗಿ ಮುದ್ರಣವಾಗಿತ್ತು. ಆಮೇಲೆ ಹಿಂದೆ ತಿರುಗಿಸಿ ಸೂಚಿ ನೋಡಿದೆ. ಅದೇ ಶಾಸನ ಅಲ್ಲಿ ರಾಜನ ಹೆಸರಿನಲ್ಲಿದೆ, ಅವನ ದಂಡನಾಯಕನ ಹೆಸರಿನಲ್ಲಿದೆ, ಪದ್ಯ ಕಟ್ಟಿದ ಕವಿಯ ಹೆಸರಿನಲ್ಲಿದೆ, ಕವಿ ಬಳಸಿದ ಛಂದಸ್ಸಿನ ಹೆಸರಿನಲ್ಲೂ ಇದೆ. ಕೆರೆ ಇಲ್ಲ, ತೂಬು ಇಲ್ಲ, ಊರು ಇಲ್ಲ. ದಂಡನಾಯಕ ನಮ್ಮೂರಿಗೆ ಬಂದು ಉಂಡು ಹೋದದ್ದು ಒಂದು ದಿನವೋ ಎರಡು ದಿನವೋ. ನೀರು ಕುಡಿಯುತ್ತಿರುವವರು ನಾವು. ವಕೀಲರ ಜಗುಲಿಯಲ್ಲೇ ಕುಳಿತು ಆ ಪುಟದ ಸಂಖ್ಯೆ ಬರೆದುಕೊಂಡೆ.

ಸೂಚಿ ಕಟ್ಟುವ ವಿದ್ಯೆ ಹಳ್ಳಿಯ ವೈದ್ಯನಿಗೇನು ಗೊತ್ತು ಎನ್ನುತ್ತೀರೇನೋ. ನಮ್ಮ ವೈದ್ಯದ ನಿಘಂಟುಗಳಲ್ಲಿ ಮೂಲಿಕೆಗಳನ್ನು ಗುಣ ನೋಡಿ ಗುಂಪು ಮಾಡಿರುತ್ತಾರೆ. ಕಲಿತವನಿಗೆ ಅದು ಸಾಕು. ನನ್ನ ಮನೆಗೆ ಬರುವವರು ಹೊಟ್ಟೆ ಹಿಡಿದುಕೊಂಡು ಬರುತ್ತಾರೆಯೇ ಹೊರತು ಮೂಲಿಕೆಯ ಗುಣ ಹೇಳಿಕೊಂಡು ಬರುವುದಿಲ್ಲ. ಅದಕ್ಕಾಗಿ ನಮ್ಮ ತಂದೆಯವರು ಅದೇ ನಿಘಂಟಿಗೆ ಬೇನೆಗಳ ಪ್ರಕಾರ ಇನ್ನೊಂದು ಪಟ್ಟಿ ಕಟ್ಟಿದರು. ಸಸ್ಯಶಾಸ್ತ್ರದ ಪುಸ್ತಕವೊಂದನ್ನು ನೋಡಿದ್ದೇನೆ. ಅದರಲ್ಲಿ ನೆಲ್ಲಿಗಿಡ ಲ್ಯಾಟಿನ್ ಹೆಸರಿನ ಕೆಳಗೆ ಅಡಗಿ ಕುಳಿತಿದೆ. ಆದರೂ ಬರೆದ ಪುಣ್ಯಾತ್ಮರು ಕೊನೆಯಲ್ಲಿ ಕನ್ನಡ, ತಮಿಳು, ತೆಲುಗು ಹೆಸರುಗಳ ಪಟ್ಟಿ ಸೇರಿಸಿದ್ದಾರೆ. ಕಾಡು ಸುತ್ತುವಾಗ ದಾರಿ ತೋರಿಸಿದವರು ಲ್ಯಾಟಿನ್ ಮಾತಾಡಲಿಲ್ಲವೆಂಬುದು ಅವರಿಗೆ ನೆನಪಿತ್ತು. ವಕೀಲರ ತೀರ್ಪಿನ ಪುಸ್ತಕಗಳಲ್ಲಿ ನ್ಯಾಯಾಧೀಶರ ಹೆಸರಿಗಿಂತ ಮುಂಚೆ ಬಾವಿ, ಬೇಲಿ, ದಾರಿ ಎಂಬ ತಲೆಬರಹಗಳಿವೆ, ಯಾಕೆಂದರೆ ಕಕ್ಷಿಗಾರ ಜಗಳ ತರುವುದು ಬೇಲಿಯ ಮೇಲೆ. ಆಸ್ಪತ್ರೆಗಳ ವರದಿ ಮಾತ್ರ ತಮ್ಮ ಸೂಚಿಯ ಜಾತಿಯದೇ. ಸೀಮೆಯಲ್ಲೆಲ್ಲ ಎಷ್ಟು ಜನ ಜ್ವರದಿಂದ ಸತ್ತರೆಂದು ಅದರಲ್ಲಿ ಸಿಗುತ್ತದೆ, ನಮ್ಮ ಹೋಬಳಿಯಲ್ಲಿ ಯಾಕೆ ಸತ್ತರೆಂದು ಸಿಗುವುದಿಲ್ಲ. ಸೂಚಿ ಕಟ್ಟುವವನು ಇದನ್ನು ತೆರೆಯುವವರು ಯಾರು, ಏನು ಹುಡುಕುತ್ತಾರೆ ಎಂದು ಮೊದಲು ಯೋಚಿಸಬೇಕು. ತಾವೂ ಯೋಚಿಸಿದ್ದೀರಿ. ತೆರೆಯುವವರು ತಾವೇ, ಹುಡುಕುವುದು ರಾಜರನ್ನು ಎಂದು ತೀರ್ಮಾನಿಸಿದ್ದೀರಿ. ಅದು ತಮ್ಮ ಇಷ್ಟ. ಆದರೆ ರಾಜರನ್ನು ಹುಡುಕಲು ಕಟ್ಟಿದ ಸೂಚಿಯಲ್ಲಿ ಕೆರೆ ಹುಡುಕಿ, ಸಿಗಲಿಲ್ಲವಾದ್ದರಿಂದ ಕೆರೆಯ ಶಾಸನವೇ ಇಲ್ಲ ಎಂದು ಸಹಿ ಹಾಕಿ ಕೊಡುವ ಅಧಿಕಾರ ತಮಗೆ ಯಾರು ಕೊಟ್ಟರು?

ಪುಟದ ಸಂಖ್ಯೆ ಸಹಿತ ನಾನೇ ತಮಗೆ ಬರೆದೆ. ಆ ಶಾಸನ ಮುದ್ರಿತವಾಗಿರುವುದು ನಿಜ, ಆದರೆ ಅದು ನೆಲ್ಲಿಕಟ್ಟೆಯದೇ ಎಂಬುದಕ್ಕೆ ಸೂಚಿಯಲ್ಲಿ ಆಧಾರವಿಲ್ಲ, ಸ್ಥಳ ಪರಿಶೀಲನೆಗೆ ಗುಮಾಸ್ತರನ್ನು ಕಳುಹಿಸಲಾಗುವುದು ಎಂದು ಉತ್ತರ ಬಂತು. ಗುಮಾಸ್ತರು ಬಂದರು. ಇಲ್ಲಿ ನಮ್ಮವರ ತಪ್ಪನ್ನೂ ಹೇಳಲೇಬೇಕು. ನಮ್ಮೂರ ಹೆಂಗಸರು ಆ ಶಾಸನವನ್ನು ಅಕ್ಷರದಮ್ಮ ಎನ್ನುತ್ತಾರೆ. ಅಕ್ಷರ ಸವೆಯಬಾರದೆಂದು ವರ್ಷವರ್ಷವೂ ಹರಳೆಣ್ಣೆಯಲ್ಲಿ ಮಸಿ ಕಲಸಿ ಬಳಿಯುತ್ತಾರೆ. ಕೊನೆಯ ತೋಟದ ಇಮಾಮ್ ಸಾಬರ ಮನೆಯಿಂದಲೂ ಎಣ್ಣೆ ಬರುತ್ತದೆ. ಬಳಿದು ಬಳಿದು ಅದು ಈಗ ಕರೀ ಹೆಪ್ಪಿನಂತಾಗಿದೆ, ಒಂದಕ್ಷರವೂ ಕಣ್ಣಿಗೆ ಕಾಣುವುದಿಲ್ಲ. ಉಳಿಸುವ ಪ್ರೀತಿಯಲ್ಲೇ ಮುಚ್ಚಿ ಹಾಕಿದ್ದಾರೆ. ಗುಮಾಸ್ತರು ಕೆರೆದು ನೋಡೋಣವೆಂದು ಚಾಕು ತೆಗೆದಾಗ, ಬಂಡೆಯ ಪೂಜೆ ಮಾಡುವ ಮನೆಯ ಬಸಮ್ಮ ಅಡ್ಡ ನಿಂತರು.

“ಅಮ್ಮನ ಮೈ ಕೆರೆಯಾಕೆ ನಾ ಬುಡಾಕಿಲ್ಲ ಸ್ವಾಮಿ,” ಎಂದರು. “ಕೈಯಿಟ್ಟು ನೋಡಿ, ಅಕ್ಸರ ಬೆರಳಿಗೆ ಸಿಕ್ತವೆ.”

ನಿಜಕ್ಕೂ ಸಿಗುತ್ತವೆ. ನಾನೂ ಮುಟ್ಟಿ ನೋಡಿದ್ದೇನೆ. ಗುಮಾಸ್ತರು ಒಮ್ಮೆ ಆ ಎಣ್ಣೆಮಸಿಯನ್ನು, ಒಮ್ಮೆ ತಮ್ಮ ಬಿಳಿಯ ಅಂಗಿಯ ತೋಳನ್ನು ನೋಡಿಕೊಂಡು, ‘ಅಕ್ಷರಗಳು ಕಾಣಲಿಲ್ಲ’ ಎಂದು ಬರೆದುಕೊಂಡು ಎತ್ತಿನಗಾಡಿ ಹತ್ತಿದರು. ಮತ್ತೆ ಪರಿಶೀಲನೆ ಬೇಕಾದರೆ ಮಳೆಗಾಲ ಕಳೆದ ಮೇಲಿನ ಪ್ರವಾಸದಲ್ಲಿ ನೋಡಬಹುದೆಂದು ತಮ್ಮ ಕಡೆಯ ಕಾಗದ ಹೇಳುತ್ತದೆ.

ಮಳೆಗಾಲ ಕಳೆಯುವವರೆಗೆ ಬಂಡೆ ಇರುತ್ತದೆಯೇ? ಕಲ್ಲು ಎಬ್ಬಿಸುವ ಕೆಲಸದ ಮೇಸ್ತ್ರಿ ದೊಡ್ಡಹನುಮಯ್ಯನನ್ನು ಕೇಳಿದೆ. ಅವನು ತಮ್ಮ ಹಾಗೆ ಸುತ್ತಿ ಬಳಸಿ ಮಾತಾಡುವವನಲ್ಲ. ಸೌದೆಯ ಸಾಲು ಹಾಕಿ ಉರಿ ಹಚ್ಚಿ, ನಿಧಾನವಾಗಿ ಮುಂದಕ್ಕೆ ಸರಿಸಿಕೊಂಡು ಹೋದರೆ ಬಂಡೆಯ ಮೈ ಪದರ ಪದರವಾಗಿ ಬಿಟ್ಟುಕೊಳ್ಳುತ್ತದಂತೆ.

“ಮ್ಯಾಗಿನ ಸಿಪ್ಪೆ ಮೊದ್ಲು ಏಳ್ತದೆ ಬುದ್ಧೀ. ಅಕ್ಸರ ಇರಾದು ಆ ಸಿಪ್ಪೆ ಮ್ಯಾಲೇಯ,” ಎಂದ. “ಅಮಾಸೆ ಕಳೀಲಿ ಅಂತ ಒಸಿ ತಡೆದಿವ್ನಿ. ಅಮಾಸೇಲಿ ನಾವು ಹೊಸ ಉರಿ ಇಕ್ಕಾಕಿಲ್ಲ. ಸ್ವಾಮಾರದಿಂದ ನನ್ ಕೈಲಿ ಇಲ್ಲ.”

ಚಪ್ಪಡಿ ಎಲ್ಲಿಗೆ ಹೋಗುತ್ತದೆಂದು ಕೇಳಿದೆ. ಬೆಂಗಳೂರಿನಲ್ಲಿ ಹಳೆಯ ಲೇಖಗಳನ್ನು ಭದ್ರವಾಗಿ ಇಡಲು ತಾವು ಕಟ್ಟಿಸುತ್ತಿರುವ ಹೊಸ ದಫ್ತರಖಾನೆಯ ನೆಲಕ್ಕಂತೆ. ಮಾನ್ಯರೇ, ಇದಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ.

ಇಮಾಮ್ ಸಾಬರ ಮನೆಯಲ್ಲಿ ಈಗ ರೇಷ್ಮೆಹುಳು ನಾಲ್ಕನೆಯ ಜ್ವರ ಮುಗಿಸಿ ಎದ್ದಿವೆ. ಹುಳು ಪೊರೆ ಬಿಡಲು ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವಕ್ಕೆ ಹಗಲೂ ರಾತ್ರಿ ಸೊಪ್ಪು ಬೇಕು. ತೋಟಕ್ಕೆ ನೀರಿಲ್ಲದೆ ಸೊಪ್ಪು ಸುರುಟಿಕೊಂಡಿದೆ. ಅವರ ಹೆಂಡತಿ ಹಾಜಿರಾಬಿ ಊರೂರು ಅಲೆದು ಕಡ ಸೊಪ್ಪು ತಂದು ಹಾಕುತ್ತಿದ್ದಾರೆ. ಈ ಬೆಳೆ ಹೇಗೋ ದಾಟಿತೆಂದೇ ಇಟ್ಟುಕೊಳ್ಳಿ. ಅಕ್ಷರ ಹೋದ ಮೇಲೆ ಮುಂದಿನ ಬೇಸಿಗೆಯಲ್ಲಿ ಆಧಾರವೆಂದು ಏನನ್ನು ತೋರಿಸಬೇಕು? ಸಮಾಧಾನ ಹೇಳಲು ಹೋದ ನನಗೆ ಇಮಾಮ್ ಸಾಬರೇ ಹೇಳಿದರು.

“ಪಂಡಿತ್ರೇ, ನಾನು ಸ್ವಾಮಾರ ಹೋಗಿ ಬಂಡೆ ಮ್ಯಾಲೆ ಕುಂತ್ಕತೀನಿ. ಕಾಗದದಾಗೆ ಕಾಣ್ದೆ ಇದ್ರೂ ಕಲ್ಲಿನ್ ಮ್ಯಾಲೆ ಕಾಣ್ತೀನಲ್ಲ.”

ಈಗ ನನ್ನ ಬೇಡಿಕೆ. ಸೋಮವಾರದೊಳಗೆ ಅಮಲ್ದಾರರಿಗೆ ತಂತಿ ಕೊಟ್ಟು ಬೆಂಕಿ ನಿಲ್ಲಿಸಿ. ಓದಬಲ್ಲ ಒಬ್ಬರನ್ನು ಕಳುಹಿಸಿ. ಕೆರೆಯದೆ ಎಣ್ಣೆ ತೆಗೆಯುವುದು ಹೇಗೆಂದು ನಾನು ತೋರಿಸುತ್ತೇನೆ, ಸೀಗೆಯ ನೀರಿನಿಂದ ತೊಳೆಯಲು ಬಸಮ್ಮನವರು ಒಪ್ಪಿದ್ದಾರೆ. ಆಮೇಲೆ ಬಿಡುವಾದಾಗ ತಮ್ಮ ಗ್ರಂಥಕ್ಕೆ ಇನ್ನೊಂದು ಸೂಚಿ ಕಟ್ಟಿಸಿ. ಅದರಲ್ಲಿ ಊರುಗಳಿರಲಿ, ಕೆರೆಗಳಿರಲಿ, ತೂಬು, ಬಾವಿ, ತೋಪು ಇರಲಿ. ಅಲ್ಲಿಯವರೆಗೆ ‘ಸೂಚಿಯಲ್ಲಿ ಸಿಗಲಿಲ್ಲ’ ಎಂದಷ್ಟೇ ಬರೆಯಿರಿ, ‘ಇಲ್ಲ’ ಎಂದು ಬರೆಯಬೇಡಿ.

ತಂತಿ ಬರದಿದ್ದರೆ ಬೆಳಿಗ್ಗೆ ಇಮಾಮ್ ಸಾಬರು ಬಂಡೆಯ ಮೇಲಿರುತ್ತಾರೆ, ಪಕ್ಕದಲ್ಲಿ ಬಸಮ್ಮ, ಅವರ ಪಕ್ಕದಲ್ಲಿ ನಾನು. ಜನ ಕುಳಿತ ಬಂಡೆಗೆ ಬೆಂಕಿ ಇಡುವುದಿಲ್ಲವೆಂದು ದೊಡ್ಡಹನುಮಯ್ಯ ಮಾತು ಕೊಟ್ಟಿದ್ದಾನೆ. ಆದ್ದರಿಂದ ನಮ್ಮನ್ನು ಎಳೆದು ಇಳಿಸಲು ಪೊಲೀಸರು ಬರುತ್ತಾರೆ. ಅದರ ವರದಿಯಾಗುತ್ತದೆ, ವರದಿಗೂ ಯಾರೋ ಒಬ್ಬರು ಸೂಚಿ ಕಟ್ಟುತ್ತಾರೆ. ಅವರಿಗೆ ತಾವು ದಯಮಾಡಿ ಒಂದು ಮಾತು ಹೇಳಬೇಕು. ನಮ್ಮನ್ನು ‘ದೊಂಬಿ’ ಎಂಬ ತಲೆಬರಹದ ಕೆಳಗೆ ಹಾಕಿದರೆ, ಮುಂದೆ ನಮ್ಮ ಮೊಮ್ಮಕ್ಕಳು ಹುಡುಕಿದಾಗ ಮೂವರು ಮುದುಕರು ಪೊಲೀಸರ ಮೇಲೆ ಬಿದ್ದರೆಂಬುದು ಸಿಗುತ್ತದೆ, ನೀರಿಗಾಗಿ ಕುಳಿತಿದ್ದರೆಂಬುದು ಸಿಗುವುದಿಲ್ಲ. ಅಲ್ಲಿಯಾದರೂ ‘ನೆಲ್ಲಿಕಟ್ಟೆ’ ಎಂದು ಬರೆಸಿ.

ಇಂತಿ,
ತಮ್ಮ ಗ್ರಂಥದ ಒಳಗೇ ಇದ್ದೂ ತಮಗೆ ಸಿಗದ ಊರಿನ
ಗುರುಸಿದ್ದಯ್ಯ, ನಾಟಿ ವೈದ್ಯ