ಗುಂಡು ತುಂಬುವ ಬಾಯಿ

ಲೊಕ್ಕನಹಳ್ಳಿ

ಮಣಿಕಂಠ ಅವರಿಗೆ ಯಶೋದಳ ನಮಸ್ಕಾರ.

ನಿಮ್ಮ ಕೊಳ್ಳೇಗಾಲದ ಆಫೀಸಿನವರು ಮಾಡಿದ ಬಾಹ್ಯಾಕಾಶ ಯುದ್ಧದ ಗೇಮ್ ಆಡಿದೆ. ಚೆನ್ನಾಗಿದೆ. ದೊಡ್ಡ ಹಡಗಿನ ಫಿರಂಗಿ ನಿಮ್ಮದೇ ಡಿಸೈನ್ ಅಂತ ಹೆಸರು ಹಾಕಿದ್ದಾರೆ. ಅದರ ಬಗ್ಗೆ ಒಂದು ಅನುಮಾನ. ಒಂದರ ಹಿಂದೊಂದು ಗುಂಡು ಹಾರಿಸುತ್ತೆ, ಸರಿ. ಆದರೆ ಹಿಂಭಾಗ ಪೂರ್ತಿ ಮುಚ್ಚಿದೆ. ಗುಂಡು ಎಲ್ಲಿಂದ ತುಂಬುತ್ತಾರೆ?

ನೀವು ಹೆಣ್ಣು ನೋಡೋಕೆ ಬಂದ ದಿನ ನಾನು ಬರೆದ ಚಿತ್ರಗಳನ್ನ ಕೇಳಿ, ಫೋನಲ್ಲಿ ಫೋಟೋ ತಕೊಂಡ್ರಿ. ಅವುಗಳಲ್ಲಿ ಒಂದರಲ್ಲಿ ಇಂಥದ್ದೇ ಫಿರಂಗಿ ಇತ್ತು. ಹೊಲದಲ್ಲಿ ಆನೆ ಓಡಿಸೋ ಕಾರ್ಬೈಡ್ ಕೊಳವೆ ನೋಡಿ ಬರೆದಿದ್ದೆ. ಅದಕ್ಕೆ ಗುಂಡೇ ಇಲ್ಲ, ಬರೀ ಸದ್ದು, ಬೆಂಕಿ. ಸಾಮಾನು ಸಾಗಿಸೋ ಬಡಪಾಯಿ ಹಡಗೊಂದು ಬರೀ ಬೆಂಕಿ ತೋರಿಸಿ ಹೆದರಿಸಲಿ ಅಂತ ನಾನು ಹಿಂಭಾಗ ಮುಚ್ಚಿದ್ದೆ. ನೀವ್ಯಾಕೆ ಮುಚ್ಚಿದ್ರಿ?

ಅಪ್ಪನಿಗೂ ತೋರಿಸಿದೆ. "ಇದು ನಮ್ ಕೊಳವೆ ಕಣವ್ವ, ಅವ್ರಿಗೆಂಗೆ ಸಿಕ್ತು?" ಅಂದ್ರು.

ಅವತ್ತು ನೀವು ನೋಡೋಕೆ ಬಂದಿದ್ದು ನನ್ನನ್ನೋ, ಚಿತ್ರಗಳನ್ನೋ ಅಂತ ಕೇಳಲ್ಲ. ಗುಂಡು ಎಲ್ಲಿಂದ ತುಂಬುತ್ತಾರೆ ಅನ್ನೋದನ್ನ ಮಾತ್ರ ಬರೀರಿ. ಉತ್ತರ ಬಂದ ಮೇಲೆ ಹೂ ಮುಡಿಸೋ ದಿನ ಗೊತ್ತು ಮಾಡಿದ್ರಾಯ್ತು ಅಂತ ಅಪ್ಪನಿಗೆ ಹೇಳಿದ್ದೀನಿ.

ಇತಿ,
ಯಶೋದ